ಹೊಂಗೆಯ ಆಳ

ಹೊಂಗೆ ಚಿಗುರಿತೆಂದರೆ ನಮ್ಮೂರಿನಲ್ಲಿ ಹಗ್ಗಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಇಲಿ ಕಡಿದಿದೆಯೇ, ಎಳೆ ಸಡಿಲಾಗಿದೆಯೇ ಎಂದು ಗೇಣು ಗೇಣಿಗೂ ಬೆರಳಾಡಿಸಿ ನೋಡಿ, ಬಿಸಿಲಿಗೆ ಹರಡುತ್ತೇವೆ. ಅಂಗಳದ ಒಂದು ಕಡೆ ಅತ್ತೆಯ ಸಂಡಿಗೆ ಒಣಗುತ್ತಿರುತ್ತದೆ, ಇನ್ನೊಂದು ಕಡೆ ಹಗ್ಗ. ಹೊರಗಿನಿಂದ ಬಂದ ನೆಂಟರು ಬಾವಿಗೇನು ಎಂದು ಕೇಳುತ್ತಾರೆ. ಅಲ್ಲ, ನೆರಳಿಗೆ ಅನ್ನುತ್ತೇವೆ. ಅವರು ನಗುತ್ತಾರೆ. ಮಧ್ಯಾಹ್ನ ನಮ್ಮ ಜೊತೆ ಮರದ ಹತ್ತಿರ ಬಂದು ಒಂದು ಕಾಲು ಇಟ್ಟು ನೋಡಿದ ಮೇಲೆ ನಗುವುದಿಲ್ಲ.

ಗೋಡೆಯ ನೆರಳು, ಚಾವಣಿಯ ನೆರಳು ನಮ್ಮಲ್ಲೂ ಎಲ್ಲ ಊರಿನ ಹಾಗೆಯೇ. ಮರದ್ದು ಮಾತ್ರ ಬೇರೆ. ಚಿಗುರು ಎಳೆಯದಿದ್ದಾಗ ಪಾದ ಮುಳುಗುವಷ್ಟು. ಎಲೆ ಬಲಿತ ಹಾಗೆ ಮೊಣಕಾಲು, ಆಮೇಲೆ ಸೊಂಟ, ಎದೆ. ಅಂಚಿನಲ್ಲಿ ತೆಳುವಾಗಿರುತ್ತದೆ, ಬೊಡ್ಡೆಯ ಹತ್ತಿರ ಹೋದಂತೆ ಆಳ. ಹೊತ್ತು ನೆತ್ತಿಗೆ ಬಂದಾಗ ತುಂಬಿ, ಸಂಜೆಗೆ ಇಂಗಿಹೋಗುತ್ತದೆ. ಆಗ ಅದೇ ಮರದ ಕೆಳಗೆ ದನ ಕಟ್ಟುತ್ತಾರೆ, ಹುಡುಗರು ಗೋಲಿ ಆಡುತ್ತಾರೆ. ಮೊದಲ ಮಳೆ ಬಿದ್ದ ದಿನಕ್ಕೆ ಆ ವರ್ಷದ್ದು ಮುಗಿಯಿತು.

ಅದರೊಳಗೆ ಇಳಿದರೆ ಬಟ್ಟೆ ಒದ್ದೆಯಾಗುವುದಿಲ್ಲ, ಮೈ ಮಾತ್ರ ತಂಪಾಗುತ್ತದೆ. ತಲೆ ಮುಳುಗಿದರೂ ಉಸಿರು ಕಟ್ಟುವುದಿಲ್ಲ. ನನಗೆ ಹೆದರಿಕೆಯಾಗುವುದು ಅಲ್ಲಿಯೇ. ಉಸಿರು ಕಟ್ಟುವಂತಿದ್ದರೆ ಒಳಗೆ ಹೋದವರು ತಾವಾಗಿಯೇ ಒದ್ದಾಡಿ ಮೇಲೆ ಬರುತ್ತಿದ್ದರು.

ಹಾಗೆಂದು ಹೋಗದೆ ಇರುವವರು ಯಾರೂ ಇಲ್ಲ. ಚೈತ್ರದ ಬಿಸಿಲು ಏರುವ ಹೊತ್ತಿಗೆ ಅಂಗಡಿಗಳು ಅರ್ಧ ಬಾಗಿಲು ಹಾಕುತ್ತವೆ, ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ತಮ್ಮ ತಮ್ಮ ಮರಕ್ಕೆ ನಡೆಯುತ್ತಾರೆ. ಉಪ್ಪುಖಾರ ಹಚ್ಚಿದ ಮಾವಿನಕಾಯಿ ಹೋಳು, ಮಂಡಕ್ಕಿಗೆ ಈರುಳ್ಳಿ, ಶುಂಠಿ ಜಜ್ಜಿದ ಮಜ್ಜಿಗೆ. ಮುದುಕರು ಮೊಣಕಾಲುದ್ದದ ನೆರಳಿನಲ್ಲಿ ಕಾಲು ಚಾಚಿ ತೂಕಡಿಸುತ್ತಾರೆ. ಹೆಂಗಸರು ಕಲ್ಲಂಗಡಿಯನ್ನು ಹಳೆ ಸೀರೆಯ ಅಂಚಿನಲ್ಲಿ ಕಟ್ಟಿ ಆಳಕ್ಕೆ ಇಳಿಬಿಟ್ಟು ತಂಪು ಮಾಡುತ್ತಾರೆ. ಹೊಂಗೆಯ ಹೂವು ಉದುರಿ ನೆರಳಿನ ಮೇಲೆ ಮಂಡಕ್ಕಿ ಚೆಲ್ಲಿದಂತೆ ತೇಲಿ, ಸ್ವಲ್ಪ ಹೊತ್ತಿನ ಮೇಲೆ ಒಂದೊಂದಾಗಿ ಮುಳುಗುತ್ತದೆ. ನೋಡುವುದಕ್ಕೆ ಅದಕ್ಕಿಂತ ಚೆಂದದ್ದು ನಮ್ಮೂರಿನಲ್ಲಿ ಇನ್ನೊಂದಿಲ್ಲ.

ಸೊಂಟ ಮೀರಿ ಇಳಿಯುವವರು ಹಗ್ಗ ಕಟ್ಟಿಕೊಳ್ಳಬೇಕು. ಒಂದು ಮನೆಯಿಂದ ಒಂದು ಸಲಕ್ಕೆ ಒಬ್ಬರೇ ಇಳಿಯಬೇಕು. ಅದೇ ಮನೆಯವರೊಬ್ಬರು ಹಗ್ಗದ ಇನ್ನೊಂದು ತುದಿ ಹಿಡಿದು ಬಿಸಿಲಿನಲ್ಲಿ ಕೂರಬೇಕು. ಇದಕ್ಕೆ ದಡ ಕೂರುವುದು ಅನ್ನುತ್ತೇವೆ. ದಡ ಕೂತವರ ಕಾಲಿನ ಹೆಬ್ಬೆರಳು ಸಹ ನೆರಳಿಗೆ ತಾಕಬಾರದು. ನೆರಳು ಸರಿದಂತೆ ಅವರೂ ಹಿಂದೆ ಸರಿಯಬೇಕು. ಆಗಾಗ ಹಗ್ಗವನ್ನು ಒಮ್ಮೆ ಎಳೆಯಬೇಕು, ಒಳಗಿರುವವರು ತಿರುಗಿ ಒಮ್ಮೆ ಎಳೆಯಬೇಕು. ಕೂಗಿದರೆ ಒಳಗೆ ಕೇಳುವುದಿಲ್ಲ, ಆದ್ದರಿಂದ ಎಳೆತಕ್ಕೆ ಎಳೆತವೇ ಉತ್ತರ.

ನಮ್ಮ ಮನೆಯಲ್ಲಿ ದಡ ಕೂರುವವಳು ನಾನು. ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿಯೇ ಅತ್ತೆ ತಿಪ್ಪಮ್ಮ ಹಗ್ಗವನ್ನು ನನ್ನ ಕೈಗೆ ಕೊಟ್ಟು, ಭಟ್ಟಿ ಕಾವಿಗೆ ಪಳಗಿದೋಳು, ಬಿಸಿಲು ನಿನಗೇನು ಮಾಡ್ತೈತೆ ಎಂದಿದ್ದರು. ಮಾತು ಸುಳ್ಳಲ್ಲ. ನಾನು ತವರೂರಿನಲ್ಲಿದ್ದಾಗಿನಿಂದಲೂ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿರುವವಳು. ಕೋಳಿ ಕೂಗುವ ಮೊದಲೇ ಒಲೆಯ ಮುಂದೆ ನಿಂತು, ಕೆಂಪಗೆ ಕಾದ ಮರಳಿನಿಂದ ಅರಳಿದ ಮಂಡಕ್ಕಿಯನ್ನು ಜರಡಿ ಹಿಡಿದು, ಚೀಲ ತುಂಬಿ, ಬಾಯಿ ಕಟ್ಟಿ, ಗಿರಾಕಿ ಬಂದರೆ ಬಿಚ್ಚಿ ತೋರಿಸಿ ಮತ್ತೆ ಕಟ್ಟಿ, ಹೊತ್ತು ಏರುವಾಗ ಮನೆಗೆ ಬರುತ್ತೇನೆ. ಬಂದು ಅಡುಗೆ. ಆಮೇಲೆ ಬುತ್ತಿ. ಆಮೇಲೆ ಹಗ್ಗ. ನನ್ನ ಗಂಡ ಹಾಲೇಶ ಲಗೇಜು ಆಟೊ ಓಡಿಸುತ್ತಾನೆ. ಅವನೂ ದಣಿದೇ ಬಂದಿರುತ್ತಾನೆ, ಇಳಿದು ತಂಪಾಗಿ ಬರಲಿ ಅನ್ನಿಸುತ್ತದೆ. ಅತ್ತೆಗೆ ವಯಸ್ಸಾಯಿತು. ಮಗಳು ಕೊಟ್ರಿ ಚಿಕ್ಕವಳು. ಹೀಗೆ ವರ್ಷಕ್ಕೊಂದು ಕಾರಣ ಸಿಕ್ಕಿ ನಾನು ಒಂದು ಬೇಸಿಗೆಯೂ ನೆರಳಿಗೆ ಪಾದ ಇಟ್ಟವಳಲ್ಲ.

ಹೋದ ವರ್ಷದಿಂದ ಈಚೆಗೆ ಇಳಿಯುವ ಆಸೆಯೂ ಇರಲಿಲ್ಲ. ಭಟ್ಟಿಯಲ್ಲಿ ನನ್ನ ಪಕ್ಕದ ಒಲೆಗೆ ನಿಲ್ಲುತ್ತಿದ್ದ ಚಂದ್ರವ್ವ ಹೋದ ವರ್ಷ ಹೋದಳು. ರಜೆಯ ದಿನ ಗಂಡ ಮಕ್ಕಳ ಜೊತೆ ಹುಣಸೆಮರಕ್ಕೆ ಹೋಗಿ, ಊಟ ಮಾಡಿ, ನಾನೂ ಒಂದೀಟು ಇಳಿದು ಬರ್ತೀನಿ ಎಂದು ಹಗ್ಗ ಕಟ್ಟಿಕೊಂಡು ಇಳಿದಳಂತೆ. ಗಂಡ ದಡ ಕೂತಿದ್ದ. ಎಳೆದ, ಎಳೆತ ಬರಲಿಲ್ಲ. ಮತ್ತೆ ಎಳೆದಾಗ ಹಗ್ಗ ಹಗುರವಾಗಿ ಸುರುಳಿಯಾಗಿ ಮೇಲೆ ಬಂತು. ಹರಿದಿರಲಿಲ್ಲ, ತುದಿಯಲ್ಲಿ ಗಂಟಿರಲಿಲ್ಲ ಅಷ್ಟೇ. ಸಂಜೆ ನೆರಳು ಇಂಗಿದ ಮೇಲೆ ಊರೆಲ್ಲ ಹೋಗಿ ನೋಡಿತು. ಒಣ ನೆಲ, ಹುಣಸೆ ಎಲೆ, ಅವಳ ಚಪ್ಪಲಿ. ಗಂಡ ಸರಿಯಾಗಿ ಗಂಟು ಹಾಕಲಿಲ್ಲ ಎಂದು ಜನ ಅಂದರು, ಈಗಲೂ ಅನ್ನುತ್ತಾರೆ. ಅವನು ಪಾಪ ಎಲ್ಲಿ ಕೂತರೂ ಟವೆಲ್ಲಿನ ತುದಿಗೆ ಗಂಟು ಹಾಕಿ ಜಗ್ಗಿ ನೋಡುತ್ತಿರುತ್ತಾನೆ.

ಅಂದಿನಿಂದ ನಾನು ಗಂಟಿನ ಮೇಲೆ ಗಂಟು ಹಾಕತೊಡಗಿದೆ. ಈ ವರ್ಷ ಕೊಟ್ರಿ ಎದೆಮಟ್ಟಕ್ಕೆ ಇಳಿಯುತ್ತೇನೆ ಎಂದು ಹಟ ಹಿಡಿದಾಗ ಮುಂದಿನ ವರ್ಷ ನೋಡೋಣ ಎಂದೆ. ಅವಳ ವಾರಿಗೆಯ ಹುಡುಗಿಯರೆಲ್ಲ ಹೋದ ವರ್ಷವೇ ಇಳಿದಿದ್ದರು. ಪಕ್ಕದ ಮರದ ಬಸಕ್ಕ, ಬಾಯಿ ಸುಮ್ಮನಿರದ ಹೆಂಗಸು, ನನಗೆ ಕೇಳಲಿ ಎಂದೇ ತನ್ನ ಸೊಸೆಗೆ ಹೇಳಿದಳು: "ಆ ಹುಡುಗೀನ ಸಂಡಿಗೆ ಮಾಡಿದಂಗೆ ಬಿಸಿಲಾಗೇ ಒಣಗಿಸ್ತಾಳೆ ನೋಡು ಅವಳವ್ವ." ಹಾಲೇಶನೂ, ಎಷ್ಟು ದಿನ ಅಂತ ಕಟ್ಟಿ ಹಾಕ್ತಿ, ನಮ್ಮೂರಾಗೆ ಹುಟ್ಟಿದ ಮ್ಯಾಲೆ ನೆರಳಿಗೆ ಇಳೀದಂಗೆ ಇರಾಕೆ ಆಗ್ತೈತಾ ಎಂದ. ನಾನು ಒಪ್ಪಿದೆ. 

ನಮ್ಮ ಹೊಂಗೆ ಊರಾಚೆ ಬಯಲಿನಲ್ಲಿದೆ. ಅವತ್ತು ಅತ್ತೆ ದೊಡ್ಡದೊಂದು ಕಲ್ಲಂಗಡಿಯನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಆಟೊದಲ್ಲಿ ಬಂದಿದ್ದರು. ಅದನ್ನು ಸೀರೆಯ ಅಂಚಿನಲ್ಲಿ ಕಟ್ಟಿ, ಕೆಳಕ್ಕೆ ಬಾಗಿದ್ದ ಒಂದು ಕೊಂಬೆಗೆ ಬಿಗಿಸಿ, ನೆರಳಿಗೆ ಬಿಡುವ ಕೆಲಸವನ್ನು ಬೇರೆಯವರಿಗೆ ಕೊಡಲಿಲ್ಲ. ನಾನು ಕೊಟ್ರಿಯ ಸೊಂಟಕ್ಕೆ ಹಗ್ಗ ಸುತ್ತಿ ಎರಡು ಗಂಟು ಹಾಕಿದೆ. ಉಸಿರಾಡಾಕೆ ಬಿಡವ್ವ ಎಂದಳು. ಅವಳು ಅಂಚಿನಿಂದ ಒಂದೊಂದೇ ಹೆಜ್ಜೆ ಇಟ್ಟು ಹೋಗುವುದನ್ನು ನೋಡುತ್ತ ಕೂತೆ. ಲಂಗದ ಅಂಚು ಮುಳುಗಿತು, ಸೊಂಟ ಮುಳುಗಿತು. ಎದೆಗೆ ಬಂದಾಗ ತಿರುಗಿ ನೋಡಿ ಹಲ್ಲು ಬಿಟ್ಟಳು. ಹಾಲೇಶ ಮಾವಿನಕಾಯಿ ಹೆಚ್ಚುತ್ತ ಅವಳಿಗೆ ಹುಳಿ ಮುಖ ಮಾಡಿ ತೋರಿಸಿದ. ನಾನು ಹಗ್ಗ ಎಳೆದೆ, ಅವಳು ಎಳೆದಳು. ಮತ್ತೆ ಎಳೆದೆ. ಅವಳು ಬೇಸರದಿಂದ ಎಳೆದಳು. ಸುಖವಾಗಿದ್ದಾಳೆ, ಎಲ್ಲರೂ ಸುಖವಾಗಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಆಗ ಮೋಡ ಬಂತು. ಬೇಸಿಗೆಯ ಮೊದಲಲ್ಲಿ ಹೀಗೆ ಒಂದೊಂದು ಬಿಡಿ ಮೋಡ ಎಲ್ಲಿಂದಲೋ ತೇಲಿ ಬರುತ್ತದೆ. ಮೋಡದ ನೆರಳಿಗೆ ಆಳವಿಲ್ಲ. ಆದರೆ ಅದು ಮರದ ನೆರಳಿನ ಅಂಚನ್ನು ಅಳಿಸಿಬಿಡುತ್ತದೆ. ಬಯಲೆಲ್ಲ ಒಂದೇ ಬಣ್ಣವಾಗಿ, ದಡ ಎಲ್ಲಿ ಮುಗಿಯಿತು, ಆಳ ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ಹಾಗಾದಾಗ ಯಾರೂ ಇದ್ದಲ್ಲಿಂದ ಕದಲಬಾರದು. ಒಳಗಿದ್ದವರಿಗೂ ಅದೇ, ದಡದವರಿಗೂ ಅದೇ. ಮರದ ಸುತ್ತ ಮಾತು ನಿಂತಿತು. ಅಷ್ಟು ಹೊತ್ತಿಗೆ ಅತ್ತೆ, ಅಯ್ಯೋ ನನ್ನ ಹಣ್ಣು ಹೋತಲ್ಲೇ ಎಂದದ್ದು ಕೇಳಿಸಿತು. ಕೊಟ್ರಿ ಇದ್ದ ಕಡೆ ನೋಡಿದೆ. ಬರೀ ಮಬ್ಬು. ಅವಳ ತಲೆ ಕಾಣಲಿಲ್ಲ.

ಹಗ್ಗ ಎಳೆದೆ. ಎಳೆತ ಬರಲಿಲ್ಲ.

ಮತ್ತೆ ಎಳೆದೆ. ಹಗ್ಗದ ತುದಿಯಲ್ಲಿ ಭಾರವಿತ್ತು, ಆದರೆ ಆ ಭಾರಕ್ಕೆ ಜೀವವಿರಲಿಲ್ಲ. ಎಳೆದಷ್ಟು ಬರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಹಾಲೇಶ ಮೊಣಕಾಲುದ್ದದ ನೆರಳಿನಲ್ಲಿ ನಿಂತಲ್ಲಿಯೇ ನಿಂತು, ಎಳಿ, ಎಳಿ ಎನ್ನುತ್ತಿದ್ದ. ಅವನು ಒಂದು ಹೆಜ್ಜೆ ಇಡುವಂತಿರಲಿಲ್ಲ. ನಾನು ಅಂಗೈ ಉರಿಯುವಂತೆ ಎಳೆದೆ.  ಚಂದ್ರವ್ವನ ಚಪ್ಪಲಿ ಕಣ್ಣ ಮುಂದೆ ಬಂತು. ಕೊಟ್ರಿ ಚಪ್ಪಲಿ ಎಲ್ಲಿ ಬಿಟ್ಟಳು ಎಂದು, ಹುಚ್ಚಿಯ ಹಾಗೆ, ಕೈಯಲ್ಲಿ ಹಗ್ಗ ಎಳೆಯುತ್ತಲೇ ಸುತ್ತ ನೋಡಿದೆ. ಬುತ್ತಿಯ ಪಕ್ಕದಲ್ಲಿದ್ದವು, ಒಂದರ ಮೇಲೊಂದು ಬಿದ್ದುಕೊಂಡು.

ಮೋಡ ದಾಟಿತು. ಬಿಸಿಲು ಮತ್ತೆ ಬಿದ್ದು ಅಂಚು ಗೆರೆ ಎಳೆದಂತೆ ಕಾಣುವ ಹೊತ್ತಿಗೆ ನನ್ನ ಕಾಲ ಬುಡಕ್ಕೆ ಉರುಳಿ ಬಂದದ್ದು ಕಲ್ಲಂಗಡಿ. ಅದರ ಸುತ್ತ ನನ್ನ ಹಗ್ಗ ಅಡ್ಡ ಉದ್ದ ಬಿಗಿದಿತ್ತು, ಮೇಲೆ ಗಂಟು. ನಾನು ಅದನ್ನು ನೋಡುತ್ತ ಕೂತುಬಿಟ್ಟೆ. ಅತ್ತೆಯೇ ಮೊದಲು ಅವಳನ್ನು ಕಂಡು ಕೈ ತೋರಿಸಿದ್ದು. ಬೊಡ್ಡೆಗೆ ಅಂಟಿಕೊಂಡ ಒಂದು ಬೇರನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೊಟ್ರಿ ಗಲ್ಲದವರೆಗಿನ ನೆರಳಿನಲ್ಲಿ ಜೋತಾಡುತ್ತಿದ್ದಳು. ಹಗ್ಗವಿಲ್ಲದೆ.

ಹಾಲೇಶ ದಡಕ್ಕೆ ಬಂದು ಹಣ್ಣಿನಿಂದ ಹಗ್ಗ ಬಿಚ್ಚಿ ಅವಳ ಕಡೆ ಎಸೆದ. ಅವಳು ಒಂದು ಕೈಯಲ್ಲಿ ಬೇರು ಹಿಡಿದು, ಇನ್ನೊಂದು ಕೈಯಲ್ಲಿ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಳು. ಎಳೆದು ತಂದೆವು. ಬಿಸಿಲಿಗೆ ಬಂದು ನಿಂತ ಕೂಡಲೇ ಕೆನ್ನೆಗೆ ಒಂದು ಕೊಟ್ಟೆ. ಅವಳು ಅಳಲಿಲ್ಲ. ಏಟು ತಿಂದ ಕೆನ್ನೆ ಹಿಡಿದುಕೊಂಡು, "ಸೀರೆ ಗಂಟು ಬಿಚ್ಚಿ ಹಣ್ಣು ಜಾರಿ ಹೋಗ್ತಿತ್ತವ್ವ, ಅದಕ್ಕೇ ನನ್ನ ಹಗ್ಗ ಕಟ್ಟಿದೆ. ಅಜ್ಜಿ ಬೆಳಗ್ಗಿಂದ ಅದಕ್ಕೇ ಕಾದಿದ್ಲು" ಎಂದಳು. ನಾನು ಹಾಕಿದ ಎರಡು ಗಂಟನ್ನು ಅವಳು ಮೋಡ ಕವಿದ ಅಷ್ಟು ಹೊತ್ತಿನಲ್ಲಿಯೇ ಬಿಚ್ಚಿದ್ದಳು. ಒಳಗಡೆ ಗಂಟು ಸಲೀಸಾಗಿ ಬಿಚ್ಚುತ್ತೆ ಎಂದು ಅವರಪ್ಪನಿಗೆ ಹೇಳುತ್ತಿದ್ದಳು, ಹೊಸದೊಂದು ಆಟ ಕಲಿತವಳಂತೆ.

ಹಣ್ಣನ್ನು ಒಡೆದರು. ಒಳಗೆ ಕೆಂಪಗಿತ್ತು, ಬಹಳ ತಂಪಾಗಿತ್ತಂತೆ. ಬಸಕ್ಕನಿಗೂ ಒಂದು ಹೋಳು ಹೋಯಿತು. ಅತ್ತೆ ನನ್ನ ಮುಂದೆ ಒಂದು ಹೋಳು ಇಟ್ಟು, ಬೈಯ್ಯಬ್ಯಾಡ ಅವಳನ್ನ, ನಾನು ಬಾಯಿ ಮುಚ್ಚಿಕೊಂಡಿದ್ರೆ ಆಗ್ತಿತ್ತು ಎಂದು ಮೆಲ್ಲಗೆ ಹೇಳಿದರು.  ಹೋಳಿನ ಮೇಲೆ ಇರುವೆ ಹತ್ತಿದವು.

ಆಮೇಲೆ ನಾನೇ ಬೇಡ ಅನ್ನಬೇಕೆಂದಿದ್ದೆ. ಅದಕ್ಕೆ ಮೊದಲೇ ಕೊಟ್ರಿ ನೆರಳಿಗೆ ಹೋಗುವುದನ್ನು ಬಿಟ್ಟಳು. ಹೊಂಗೆಗೆ ಬರುತ್ತಿದ್ದಳು, ಆದರೆ ನನ್ನ ಪಕ್ಕ ಬಿಸಿಲಿನಲ್ಲಿಯೇ ಕೂರುತ್ತಿದ್ದಳು. ಹಾಲೇಶ ಇಳಿದಾಗ ಹಗ್ಗಕ್ಕೆ ತಾನೂ ಒಂದು ಕೈ ಹಾಕುತ್ತಿದ್ದಳು. ಎಳೆಯುವುದು ಹೇಗೆ, ಎಷ್ಟು ಹೊತ್ತಿಗೊಮ್ಮೆ, ಬಂದ ಎಳೆತ ಮನುಷ್ಯರದೋ ಬೇರಿಗೆ ಸಿಕ್ಕಿಕೊಂಡದ್ದೋ ಎಂದು ತಿಳಿಯುವುದು ಹೇಗೆ, ಎಲ್ಲ ಕೇಳಿಕೊಂಡಳು. ಹೆದರಿದೆಯೇನೇ ಎಂದು ಕೇಳಿದೆ. ಇಲ್ಲ ಎಂದಳು. ಹಗ್ಗದ ಎಳೆ ಸವರುತ್ತ, "ಅವತ್ತು ಮೇಲೆ ಬಂದಾಗ ನಿನ್ನ ಮುಖ ನೋಡಿದೆ" ಎಂದಳು. 

ಒಂದು ದಿನ ಊಟವಾದ ಮೇಲೆ, ಹಗ್ಗವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಇವತ್ತು ನಾನು ದಡ ಕೂರ್ತೀನಿ, ಅವ್ವ ಇಳೀಲಿ ಎಂದಳು. ಅತ್ತೆ ನಕ್ಕರು. ನಿಮ್ಮವ್ವ ಬಿಸಿಲಿಗೇ ಹುಟ್ಟಿದೋಳು, ಅವಳು ಇಳಿದ್ರೆ ನೆರಳೇ ಕಾದುಬಿಡ್ತೈತೆ ಎಂದರು. ನಾನು ಬೇಡವೆಂದು ತಲೆಯಾಡಿಸಿದೆ. ಚಂದ್ರವ್ವನ ಹಗ್ಗ ನೆನಪಾಗಿತ್ತು. ಕೊಟ್ರಿ ಬಿಡಲಿಲ್ಲ. "ಒಳಗೆ ಏನೈತೆ ಅಂತ ನೀನು ನೋಡೇ ಇಲ್ಲ. ಅದಕ್ಕೇ ನಿನಗೆ ಇಷ್ಟು ಭಯ. ಒಂದು ಸಲ ನೋಡು, ಆಮೇಲೆ ನನ್ನೂ ಇಳಿಯಾಕೆ ಬಿಡ್ತಿ." ಅವಳ ಲೆಕ್ಕ ಅದು. ಹಾಲೇಶ ಹಗ್ಗದ ಬಾಲವನ್ನು ಎತ್ತಿ ತನ್ನ ಸೊಂಟಕ್ಕೆ ಸುತ್ತಿಕೊಂಡು ಮಗಳ ಹಿಂದೆ ಬಿಸಿಲಿಗೆ ಬಂದು ಕೂತ. ಭಾರಕ್ಕೆ ನಾನಿದೀನಿ, ಮಾತಾಡಿಸಾಕೆ ಅವಳು, ಹೋಗಿ ಬಾ ದ್ಯಾಮಿ ಎಂದ. ನನ್ನನ್ನು ಅವನು ಹೆಸರು ಹಿಡಿದು ಕರೆದು ಬಹಳ ದಿನವಾಗಿತ್ತು.

ಗಂಟು ನಾನೇ ಹಾಕಿಕೊಂಡೆ, ಹೊಟ್ಟೆಯ ಮುಂದೆ, ಎರಡು. ಜಗ್ಗಿ ನೋಡಿದೆ. ಮೂರನೆಯದೂ ಹಾಕಿದೆ.

ಪಾದ ಇಟ್ಟಾಗ ಮೊದಲು ಗೊತ್ತಾದದ್ದು ನನ್ನ ಪಾದ ಇಷ್ಟು ದಿನ ಉರಿಯುತ್ತಿತ್ತು ಎಂಬುದು. ಉರಿ ಎಂದು ಗೊತ್ತೇ ಇರಲಿಲ್ಲ, ಪಾದವಿರುವುದೇ ಹಾಗೆ ಎಂದುಕೊಂಡಿದ್ದೆ. ಮೊಣಕಾಲಿಗೆ ಬಂದಾಗ ಮೂಳೆಯೊಳಗಿನ ಮರಳೆಲ್ಲ ಸೋರಿಹೋದಂತಾಯಿತು. ಸೊಂಟ, ಬೆನ್ನು. ಜರಡಿ ಹಿಡಿದು ಹಿಡಿದು ಗಂಟು ಕಟ್ಟಿದ ಹೆಗಲು. ಎದೆಯ ಹತ್ತಿರ ನಿಂತು ತಿರುಗಿ ನೋಡಿದೆ. ಬಿಸಿಲಿನಲ್ಲಿ ಅಪ್ಪ ಮಗಳು ಚಿಕ್ಕದಾಗಿ, ಬೆಳ್ಳಗೆ ಕಂಡರು. ಕೊಟ್ರಿ ಹಗ್ಗ ಎಳೆದಳು. ನಾನು ಎಳೆದೆ. ಸಾಕು, ಇಷ್ಟಕ್ಕೇ ತಿರುಗಿ ಹೋಗಬೇಕು ಎಂದು ಇನ್ನೊಂದು ಹೆಜ್ಜೆ ಇಟ್ಟೆ. ಹಿಂದಕ್ಕೆಂದೇ ಇಟ್ಟದ್ದು. ಅದು ಮುಂದಕ್ಕೆ ಬಿತ್ತು.

ತಲೆ ಮುಳುಗಿದಾಗ ಸದ್ದು ನಿಂತಿತು. ನನ್ನ ಜೀವಮಾನದಲ್ಲಿ ಅಂಥ ನಿಶ್ಶಬ್ದ ಕಂಡಿರಲಿಲ್ಲ. ಒಲೆಯ ಭರ್ ಎನ್ನುವ ಸದ್ದು ನಿದ್ದೆಯಲ್ಲಿಯೂ ನನ್ನ ಕಿವಿಯಲ್ಲಿರುತ್ತದೆ. ಅದೂ ನಿಂತಿತು. ಎಲೆಹಸಿರು ಬೆಳಕು. ನನ್ನ ಜೊತೆಗೇ ಮುಳುಗುತ್ತಿದ್ದ ಹೊಂಗೆಯ ಹೂವುಗಳು ನನಗಿಂತ ನಿಧಾನವಾಗಿ, ತಿರುಗುತ್ತ, ಕೆಳಗೆ ಹೋಗುತ್ತಿದ್ದವು. ಕೆಳಗೆ ಏನಿದೆ ಎಂದು ಕಾಣಲಿಲ್ಲ. ಹೆದರಿಕೆ ಆಗಬೇಕಿತ್ತು. ಹೆದರಿಕೆಯನ್ನು ಹುಡುಕಿದೆ, ಇರಲಿಲ್ಲ. ಯಾರೂ ಕರೆಯುತ್ತಿರಲಿಲ್ಲ. ಅಕ್ಕಿ ನೆನೆಹಾಕಬೇಕಿರಲಿಲ್ಲ, ಬೆಳಗ್ಗೆ ಏಳಬೇಕಿರಲಿಲ್ಲ, ಯಾರನ್ನೂ ಕಾಯಬೇಕಿರಲಿಲ್ಲ. ಸಾಯಬೇಕು ಎಂದೆಲ್ಲ ನನಗೆ ಅನ್ನಿಸಲಿಲ್ಲ, ಆಣೆ. ಇನ್ನೊಂದೀಟು ಹೊತ್ತು, ಅಷ್ಟೇ. ಬೆಳಗಿನ ಜಾವ ಎದ್ದೇಳುವ ಮೊದಲು ಚಾಪೆಯಲ್ಲಿ ಮಗ್ಗುಲಾಗಿ, ಇನ್ನೊಂದೀಟು ಎಂದುಕೊಳ್ಳುತ್ತೇನಲ್ಲ, ಹಾಗೆ. ಸೊಂಟದ ಹತ್ತಿರ ಏನೋ ಬಿಗಿಯಾಗಿತ್ತು. ಆ ಬಿಗಿ ಒಂದು ಇಲ್ಲದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎನ್ನಿಸಿತು.

ಎಷ್ಟು ಹೊತ್ತು ಹಾಗಿದ್ದೆನೋ ತಿಳಿಯದು. ಸೊಂಟದ ಮೇಲೆ ಏನೋ ಜಗ್ಗಿತು. ಕೆಳಗೆ ನೋಡಿದೆ. ನನ್ನ ಎರಡೂ ಕೈ ಗಂಟಿನ ಮೇಲಿದ್ದವು. ಮೂರನೆಯ ಗಂಟು ಇರಲಿಲ್ಲ. ಎರಡನೆಯದೂ ಇರಲಿಲ್ಲ. ಉಳಿದ ಒಂದನ್ನು ನನ್ನ ಬೆರಳುಗಳು, ಮಂಡಕ್ಕಿ ಚೀಲದ ಬಾಯಿ ಬಿಚ್ಚುವ ಹಾಗೆ, ಅವಸರವಿಲ್ಲದೆ, ತಮ್ಮ ಪಾಡಿಗೆ ತಾವು ಬಿಚ್ಚುತ್ತಿದ್ದವು. ಎಳೆಯೊಂದು ಆಗಲೇ ಹೊರಗೆ ಬಂದಿತ್ತು. ಚಂದ್ರವ್ವನ ಗಂಡ ಗಂಟನ್ನು ಸರಿಯಾಗಿಯೇ ಹಾಕಿದ್ದ ಎಂದು ನನಗೆ ಆಗ ಗೊತ್ತಾಯಿತು. ಹೆದರಿಕೆ ಆಗ ಬಂತು, ಒಂದೇ ಸಲಕ್ಕೆ, ಇಷ್ಟು ವರ್ಷ ದಡದಲ್ಲಿ ಕೂತು ಪಟ್ಟ ಹೆದರಿಕೆಯೆಲ್ಲ ಏನೂ ಅಲ್ಲ ಎನ್ನುವ ಹಾಗೆ. ನೆರಳಿನ ಹೆದರಿಕೆ ಅಲ್ಲ ಅದು. ನನ್ನ ಕೈಯ ಹೆದರಿಕೆ. ಎರಡೂ ಕೈಯನ್ನು ಗಂಟಿನಿಂದ ಕಿತ್ತು ಹಗ್ಗ ಹಿಡಿದೆ. ನನ್ನ ಶಕ್ತಿಯೆಲ್ಲ ಹಾಕಿ ಒಮ್ಮೆ ಎಳೆದೆ.

ಹಾಲೇಶ ಎಳೆದ. ಮೇಲೆ ಬಂದಾಗ ಬಿಸಿಲು ಮುಖಕ್ಕೆ ಹೊಡೆಯಿತು. ಅತ್ತೆ ಮಜ್ಜಿಗೆ ತಂಬಿಗೆ ಹಿಡಿದು, ಹೆಂಗಿತ್ತೇ, ಬರಾಕೇ ಮನಸಿಲ್ಲೇನೋ ಅನ್ಕಂಡೆ ಎಂದು ನಗುತ್ತಿದ್ದರು. ಹಾಲೇಶನೂ ನಗುತ್ತಿದ್ದ. ಹುಡುಗಿ ಗಾಬರಿ ಬಿದ್ದಿದ್ಲು, ನಾನೇ, ಮೊದಲನೇ ಸಲ ಇಳಿದಾಳೆ, ಸುಖವಾಗಿ ಇರ್ಲಿ ಬಿಡು ಅಂದೆ ಎಂದ. ನಾನು ಕೊಟ್ರಿಯನ್ನು ನೋಡಿದೆ. ಅವಳು ನಗುತ್ತಿರಲಿಲ್ಲ. ಹಗ್ಗವನ್ನು ಇನ್ನೂ ಬಿಟ್ಟಿರಲಿಲ್ಲ. ಹತ್ತಿರ ಹೋಗಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಎರಡೂ ಅಂಗೈಯ ಚರ್ಮ ಎದ್ದು, ಕಲ್ಲಂಗಡಿಯ ಒಳಗಿನ ಬಣ್ಣವಾಗಿತ್ತು.

"ಎಷ್ಟು ಸಲ ಎಳೆದೆಯೇ?" ಎಂದು ಕೇಳಿದೆ.

"ಎಳೀತಾನೇ ಇದ್ದೆ" ಎಂದಳು. "ನಿನಗೆ ಗೊತ್ತಾಗಲಿಲ್ಲೇನು?"

ನನಗೆ ಒಂದೇ ಎಳೆತ ಗೊತ್ತಾದದ್ದು ಎಂದು ಅವಳಿಗೆ ಹೇಳಲಿಲ್ಲ. ಸೆರಗಿನ ತುದಿಯನ್ನು ಮಜ್ಜಿಗೆಯಲ್ಲಿ ಅದ್ದಿ ಅವಳ ಅಂಗೈಗೆ ಒತ್ತುತ್ತ ಕೂತೆ. ಅತ್ತೆ ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದರು. ಹಾಲೇಶ ಟವೆಲ್ಲು ತಲೆಗೆ ಹಾಕಿಕೊಂಡು ಮಗ್ಗುಲಾದ. ಬಸಕ್ಕನ ಮರದ ಕಡೆಯಿಂದ ಯಾರೋ ಹುಡುಗರು ನೆರಳಿಗೆ ದುಡುಮ್ಮನೆ ಹಾರುವ ಸದ್ದು, ನಗು. ನಮ್ಮ ಹೊಂಗೆಯಲ್ಲಿ ಎಲೆ ಇನ್ನೂ ಪೂರ್ತಿ ಬಲಿತಿರಲಿಲ್ಲ. ಬೇಸಿಗೆ ಈಗ ತಾನೇ ಶುರುವಾಗಿತ್ತು. ಈಗಲೇ ಇಷ್ಟು ಆಳ.

ಕೊಟ್ರಿಯ ಕಣ್ಣು ನನ್ನ ಸೊಂಟದ ಮೇಲಿತ್ತು. ಹಗ್ಗ ಇನ್ನೂ ಅಲ್ಲಿಯೇ ಇತ್ತು, ನಾನು ಬಿಚ್ಚಿರಲಿಲ್ಲ. ಅರ್ಧ ಸಡಿಲಾದ ಒಂದೇ ಗಂಟು. ಮೂರು ಹಾಕಿಕೊಂಡದ್ದನ್ನು ಅವಳು ನೋಡಿದ್ದಳು. ಒಳಗಡೆ ಗಂಟು ಹೇಗೆ ಬಿಚ್ಚುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಯಾವ ಕೈ ಬಿಚ್ಚಿದರೆ ಎಳೆ ಯಾವ ಕಡೆಗೆ ಬರುತ್ತದೆ ಎಂಬುದೂ. ಅವಳು ಅಪ್ಪನ ಕಡೆ ಒಮ್ಮೆ, ಅಜ್ಜಿಯ ಕಡೆ ಒಮ್ಮೆ ನೋಡಿದಳು. ಇಬ್ಬರೂ ತಮ್ಮ ಲೋಕದಲ್ಲಿದ್ದರು. ನನ್ನ ಮುಖ ನೋಡದೆ, ನೋಯುವ ಕೈಯಲ್ಲಿಯೇ ಆ ಗಂಟನ್ನು ಪೂರ್ತಿ ಬಿಚ್ಚಿ, ಹಗ್ಗವನ್ನು ಸುತ್ತಿ ಮಡಿಲಲ್ಲಿಟ್ಟುಕೊಂಡಳು.

"ಇನ್ನೊಂದು ಸಲ ಇಳಿದ್ರೆ ಗಂಟು ನಾನೇ ಹಾಕ್ತೀನವ್ವ" ಎಂದಳು, ಯಾರಿಗೂ ಕೇಳದ ಹಾಗೆ. "ಬೆನ್ನ ಹಿಂದೆ ಹಾಕ್ತೀನಿ. ನಿನ್ನ ಕೈಗೆ ಸಿಗದಂಗೆ."